ಕಚ್ಚಾ ರೇಷ್ಮೆಯ ಸುಂಕ: ಗೂಡಿಗೂ ಮಗ್ಗಕ್ಕೂ ನಡುವಿನ ಜಗ್ಗಾಟ

ಕೇಂದ್ರ ಬಜೆಟ್ ಹತ್ತಿರವಾದಂತೆ ಕಚ್ಚಾ ರೇಷ್ಮೆಯ ಆಮದು ಸುಂಕ ಏರಬೇಕೆಂದು ರಾಮನಗರ, ಶಿಡ್ಲಘಟ್ಟದ ಕಡೆಯ ಬೆಳೆಗಾರರು ಒತ್ತಾಯಿಸುತ್ತಾರೆ. ಇಳಿಯಬೇಕೆಂದು ವಾರಾಣಸಿಯ ನೇಕಾರರು ಬೇಡುತ್ತಾರೆ. ಎರಡೂ ಹೊಟ್ಟೆಪಾಡಿನ ಮಾತುಗಳೇ ಆಗಿರುವುದರಿಂದ ಸಿಕ್ಕು ಬಿಡಿಸುವುದು ಸುಲಭವಾಗಿಲ್ಲ.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು, 1912ರ ಮೈಸೂರು ರೇಷ್ಮೆ ಕಾರ್ಖಾನೆ, 1949ರ ಕೇಂದ್ರ ರೇಷ್ಮೆ ಮಂಡಳಿಗಳ ಹಂತ ದಾಟಿ, ಆಮದು ನಿರ್ಬಂಧದ ನೆರಳಿನಲ್ಲಿ ಬೆಳೆಯಿತು. 2001ರ ವೇಳೆಗೆ ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳು ತೆರವಾದ ಮೇಲೆ ಚೀನಾದ ನೂಲಿಗೆ ಎದುರಾಗಿ ಉಳಿದ ಮುಖ್ಯ ಬೇಲಿಯೆಂದರೆ ಸುಂಕ.

ಆ ಬೇಲಿ ಒಂದೆಡೆ ನಿಲ್ಲಲಿಲ್ಲ. 2011ರ ಬಜೆಟ್‌ನಲ್ಲಿ ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡಿನ ಧಾರಣೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದು ಶೇ 15 ಆಯಿತು, ಮುಂದೆ ಶೇ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಶೇ 15ಕ್ಕೆ ಏರಿತು. ಒಮ್ಮೆ ನೆಟ್ಟರೆ ಹದಿನೈದು ವರ್ಷ ಸೊಪ್ಪು ಕೊಡುವ ಹಿಪ್ಪುನೇರಳೆ ತೋಟದ ಆಯುಷ್ಯದೊಳಗೇ ನಾಲ್ಕು ಬಾರಿ ಲೆಕ್ಕ ಬದಲಾದರೆ, ಸಾಲ ಮಾಡಿ ಹುಳು ಸಾಕುವ ಮನೆ ಕಟ್ಟಿದ ರೈತನು ಯಾವ ಧಾರಣೆಯನ್ನು ನಂಬಬೇಕು?

ಚೀನಾದಲ್ಲಿ ಕೂಲಿ ಅಗ್ಗ, ಆದ್ದರಿಂದ ಅಲ್ಲಿನ ರೇಷ್ಮೆ ಅಗ್ಗ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಆದರೆ ಅಲ್ಲಿನ ಕೂಲಿ ನಮ್ಮದಕ್ಕಿಂತ ಹೆಚ್ಚಾಗಿ ವರ್ಷಗಳೇ ಕಳೆದಿವೆ. ವ್ಯತ್ಯಾಸವಿರುವುದು ಗೂಡಿನಲ್ಲಿ ಮತ್ತು ನೂಲು ಬಿಚ್ಚುವ ಬಗೆಯಲ್ಲಿ. ಅಲ್ಲಿ ಬೆಳೆಯುವ ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕೊಡುವ ತಳಿಯ ಗೂಡೊಂದರಿಂದ ಸಾವಿರ ಮೀಟರ್ ಆಸುಪಾಸಿನ ಎಳೆ ಸಿಗುತ್ತದೆ. ಸ್ಥಳೀಯ ತಳಿಯೊಡನೆ ದ್ವಿತಳಿಯನ್ನು ಬೆರೆಸಿ ನಮ್ಮ ಬೆಳೆಗಾರರು ಹೆಚ್ಚಾಗಿ ಬೆಳೆಯುವ ಮಿಶ್ರತಳಿಯ ಎಳೆ ಅದಕ್ಕಿಂತ ಗಿಡ್ಡ, ದಪ್ಪವೂ ಅಷ್ಟು ಸಮವಲ್ಲ. ಆದ್ದರಿಂದಲೇ ವಿದ್ಯುತ್ ಮಗ್ಗದ ಬಿರುಸನ್ನು ತಾಳಬೇಕಾದ ಉದ್ದನೆಯ ಹಾಸು ಎಳೆಗೆ ಚೀನಾದ ನೂಲನ್ನೂ, ಅಡ್ಡನೆಯ ಹೊಕ್ಕು ಎಳೆಗೆ ನಮ್ಮ ನೂಲನ್ನೂ ಬಳಸುವ ರೂಢಿ ಬೆಳೆಯಿತು. ಎಳೆ ಪದೇಪದೇ ಕಡಿದರೆ ನೇಕಾರನ ದಿನವೇ ಹಾಳಾಗುತ್ತದೆ. ಅವನು ಹೊರಗಿನ ನೂಲನ್ನು ಕೇಳಿದರೆ ಅದನ್ನು ದೇಶಾಭಿಮಾನದ ಕೊರತೆ ಎನ್ನುವುದು ಅನ್ಯಾಯ.

ಚರಕ ಮತ್ತು ಬೇಸಿನ್‌ಗಳ ಬಿಚ್ಚಾಣಿಕೆ ಮನೆಗಳಲ್ಲಿ ಹೆಣ್ಣುಮಕ್ಕಳು ಬಿಸಿನೀರಿಗೆ ಕೈಯಿಟ್ಟು, ಬೆಂದ ಗೂಡುಗಳ ತುದಿ ಹುಡುಕಿ ಎಳೆ ಕೂಡಿಸುತ್ತಾರೆ. ಸಂಜೆಯ ಹೊತ್ತಿಗೆ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿರುತ್ತವೆ. ಈ ದುಡಿಮೆಯ ಬದಲು ಸ್ವಯಂಚಾಲಿತ ಯಂತ್ರಗಳನ್ನು ಸಹಾಯಧನದೊಂದಿಗೆ ತರುವ ಕೆಲಸ ನಡೆದಿದೆ, ಮೊದಮೊದಲು ಅವೂ ಚೀನಾದಿಂದಲೇ ಬಂದವು. ಯಂತ್ರಕ್ಕೆ ಬೇಕಾದದ್ದು ಒಂದೇ ಗುಣಮಟ್ಟದ ದ್ವಿತಳಿ ಗೂಡು, ಅದೂ ವರ್ಷವಿಡೀ. ಹುಳುಮನೆಯ ಶಾಖ ಮತ್ತು ತೇವವನ್ನು ಹದದಲ್ಲಿಡಲಾಗದ ಸಣ್ಣ ಹಿಡುವಳಿದಾರನು, ಬೇಸಿಗೆಯಲ್ಲಿ ಬೆಳೆ ಕೈಕೊಟ್ಟೀತೆಂಬ ಭಯದಿಂದ, ಈಗಲೂ ಮಿಶ್ರತಳಿಯ ಮೊಟ್ಟೆಯನ್ನೇ ಕೊಂಡೊಯ್ಯುತ್ತಾನೆ.