ಓಪನ್ ಸೋರ್ಸ್ ಭಾಷೆಗೆ ಗಿಟ್‌ಹಬ್ ಖಾತೆ ಯಾಕೆ ಬೇಕು?

ಪ್ರಶ್ನೆ: ಓಪನ್ ಸೋರ್ಸ್ ಅಂದರೆ ಎಲ್ಲರಿಗೂ ಮುಕ್ತ ಅಂತಾರೆ. ಹಾಗಿದ್ದರೆ ಒಂದು ಪ್ರೋಗ್ರಾಮಿಂಗ್ ಭಾಷೆಯ ಸಣ್ಣ ಬಗ್ (ದೋಷ) ಸರಿಮಾಡಿ ಕಳಿಸಲು, ಕೋಡ್ ಇಟ್ಟು ಹಂಚುವ ತಾಣವಾದ ಗಿಟ್‌ಹಬ್‌ನ ಖಾತೆ ಯಾಕೆ ಬೇಕು?

ಉತ್ತರ: ಮುಕ್ತವಾಗಿರುವುದು ಕೋಡ್. ಅದನ್ನು ನೀವು ಓದಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ತಿದ್ದುಪಡಿಯನ್ನು ಒಪ್ಪಲೇಬೇಕು ಅಂತ ಯಾವ ಲೈಸೆನ್ಸೂ ಹೇಳುವುದಿಲ್ಲ. ಅದನ್ನು ಎಲ್ಲಿ, ಹೇಗೆ ಕಳಿಸಬೇಕು ಅನ್ನುವುದು ಆ ಭಾಷೆಯ ತಂಡಕ್ಕೆ ಬಿಟ್ಟದ್ದು.

ತಂಡಗಳು ಗಿಟ್‌ಹಬ್ ಹಿಡಿದದ್ದೂ ಸುಮ್ನೆ ಅಲ್ಲ. ಸ್ವಂತ ಸರ್ವರ್ ಕಾಯುವುದು ದೊಡ್ಡ ತಲೆನೋವು. 2021ರ ಮಾರ್ಚ್‌ನಲ್ಲಿ ಪಿಎಚ್‌ಪಿ ಭಾಷೆಯ ಸ್ವಂತ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ) ಸರ್ವರ್‌ಗೆ ಯಾರೋ ಕೆಟ್ಟ ಕೋಡ್ ನುಗ್ಗಿಸಿದರು. ತಂಡ ಕೂಡಲೇ ಗಿಟ್‌ಹಬ್‌ಗೆ ಹೋಯಿತು. ಪೈಥಾನ್ ಕೋಡ್ 2017ರಲ್ಲೇ ಅಲ್ಲಿಗೆ ಬಂದಿತ್ತು, ಬಗ್‌ಗಳ ಪಟ್ಟಿ 2022ರಲ್ಲಿ ಬಂತು. ಎಷ್ಟೋ ಹೊಸಬರ ಬಳಿ ಗಿಟ್‌ಹಬ್ ಖಾತೆ ಮೊದಲೇ ಇರುತ್ತದೆ. ತಿದ್ದುಪಡಿಯನ್ನು ಪ್ಯಾಚ್ ಅನ್ನುವ ಫೈಲ್ ಮಾಡಿ ಇಮೇಲ್‌ನಲ್ಲಿ ಕಳಿಸುವ ಹಳೆಯ ಕ್ರಮ ಅವರಿಗೆ ಇದಕ್ಕಿಂತ ಜಾಸ್ತಿ ಕಷ್ಟ.

ನನ್ನ ತಕರಾರು ಗಿಟ್‌ಹಬ್ ಬಳಸುವುದರ ಬಗ್ಗೆ ಅಲ್ಲ, ಅದೊಂದೇ ದಾರಿ ಆಗುವುದರ ಬಗ್ಗೆ. ರಸ್ಟ್ ಭಾಷೆಯ ಪ್ಯಾಕೇಜ್ ತಾಣ ಕ್ರೇಟ್ಸ್ ಡಾಟ್ ಐಒದಲ್ಲಿ ಏನಾದರೂ ಪ್ರಕಟಿಸಲು ವರ್ಷಗಟ್ಟಲೆ ಗಿಟ್‌ಹಬ್ ಲಾಗಿನ್ ಒಂದೇ ಗತಿಯಾಗಿತ್ತು. ಆ ಲಾಗಿನ್ ಕೊಡುವುದು ಅಮೆರಿಕದ ಕಂಪನಿ, 2018ರಿಂದ ಮೈಕ್ರೋಸಾಫ್ಟ್‌ನದು. ಅಲ್ಲಿನ ಕಾನೂನು ಅದಕ್ಕೆ ಅನ್ವಯಿಸುತ್ತದೆ. 2019ರಲ್ಲಿ ನಿರ್ಬಂಧಗಳ ಕಾರಣಕ್ಕೆ ಇರಾನ್, ಸಿರಿಯಾ, ಕ್ರೈಮಿಯಾದ ಬಳಕೆದಾರರಿಗೆ ಖಾಸಗಿ ರೆಪೊಗಳು (ಕೋಡ್ ಸಂಗ್ರಹಗಳು) ಸಿಗದಂತಾದವು. ಇರಾನಿನವರಿಗೆ ಪೂರ್ತಿ ಸೇವೆ ಮರಳಿದ್ದು 2021ರಲ್ಲಿ. ಕೋಡ್ ಬರೆಯುವವರ ತಪ್ಪೇನೂ ಇರಲಿಲ್ಲ, ಅಲ್ವಾ?

ಹಾಗಾದರೆ ಬಿಟ್ಟು ಹೋಗಬಹುದಲ್ಲ? ಕೋಡ್ ಒಯ್ಯುವುದು ಸುಲಭ. ಪೂರ್ತಿ ಕ್ಲೋನ್ (ನಕಲು) ಮಾಡಿಕೊಂಡ ಪ್ರತಿಯೊಬ್ಬರ ಬಳಿಯೂ ಇಡೀ ಇತಿಹಾಸ ಇರುತ್ತದೆ. ಅಂಟಿಕೊಳ್ಳುವುದು ಉಳಿದದ್ದು: ಇಶ್ಯೂಗಳು (ಬಗ್, ಬೇಡಿಕೆಗಳ ಪಟ್ಟಿ), ಕೋಡ್ ಪರಿಶೀಲಿಸುವ ರಿವ್ಯೂ ಚರ್ಚೆಗಳು, ಟೆಸ್ಟ್ ಓಡಿಸುವ ವ್ಯವಸ್ಥೆ, ದೇಣಿಗೆ. ಜಿಗ್ ಭಾಷೆ 2025ರ ನವೆಂಬರ್‌ನಲ್ಲಿ ಬರ್ಲಿನ್‌ನ ಲಾಭರಹಿತ ಸಂಸ್ಥೆ ಕೋಡ್‌ಬರ್ಗ್‌ಗೆ ಹೋದಾಗ ಹಳೆಯ ಇಶ್ಯೂಗಳನ್ನು ಗಿಟ್‌ಹಬ್‌ನಲ್ಲೇ ಬಿಟ್ಟಿತು. ಗಿಟ್‌ಹಬ್ ಸ್ಪಾನ್ಸರ್ಸ್ ಮೂಲಕ ದುಡ್ಡು ಕೊಡುತ್ತಿದ್ದವರನ್ನು ಬೇರೆ ಕಡೆ ಬನ್ನಿ ಅಂತ ಕೇಳಬೇಕಾಯಿತು.

ಇನ್ನೊಂದು ಮಾತು. ಗಿಟ್‌ಹಬ್ ಬೇಡ ಅಂದಾಕ್ಷಣ ತಡೆಗಳು ಮಾಯವಾಗುವುದಿಲ್ಲ. ಗೋ ಭಾಷೆಯ ರಿವ್ಯೂ ನಡೆಯುವುದು ಗೆರಿಟ್ ಅನ್ನುವ ಬೇರೆ ವ್ಯವಸ್ಥೆಯಲ್ಲಿ. ಅಲ್ಲಿ ಗೂಗಲ್ ಖಾತೆ ಬೇಕು, ಗೂಗಲ್ ಜತೆಗಿನ ಕೊಡುಗೆ ಒಪ್ಪಂದಕ್ಕೆ ಸಹಿಯೂ ಬೇಕು.

ಖಾತೆ ಮಾಡಲು ಮನಸ್ಸಿಲ್ಲದಿದ್ದರೆ ಮೊದಲು ರೆಪೊದಲ್ಲಿರುವ ಕಂಟ್ರಿಬ್ಯೂಟಿಂಗ್ ಫೈಲ್ (ತಿದ್ದುಪಡಿ ಕಳಿಸುವ ಕ್ರಮ ಹೇಳುವುದು) ಓದಿ. ಇಮೇಲ್ ವಿಳಾಸ ಕೊಟ್ಟಿದ್ದರೆ ಗಿಟ್‌ನ ಫಾರ್ಮ್ಯಾಟ್-ಪ್ಯಾಚ್ ಕಮಾಂಡ್‌ನಿಂದ ಪ್ಯಾಚ್ ಫೈಲ್ ಮಾಡಿ ಕಳಿಸಿ. ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ, ಬೇರೆಯವರು ಸೇರಿಸಿದರೂ ಬರೆದವರು ನೀವೇ ಅಂತ ದಾಖಲಾಗುತ್ತದೆ.