ಅರಳದ ಮೊಗ್ಗಿನೊಳಗೆ ಬೀಜ

"ವೈನಿ, ಹೂವೇ ಅರಳಿಲ್ಲ, ಬೀಜ ಹೆಂಗ ಕಟ್ತು?" ಪುಣೆಯ ಕೋಥ್ರೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಧಾರವಾಡದ ಹುಡುಗಿ ಏಪ್ರಿಲಿನಲ್ಲಿ ಕೇಳಿದಳು. ಅವಳ ಕಣ್ಣು ನನ್ನ ಕಾಡು ವಯೊಲೆಟ್ ಕುಂಡದ ಮೇಲಿತ್ತು. ಯುನಾನಿ ಔಷಧಿಯಲ್ಲಿ ಬನಫ್ಶಾ ಅಂತಾರಲ್ಲ, ಅದೇ ಗಿಡ. ಜನವರಿಯ ಚಳಿಗೆ ಚೆಂದದ ನೇರಳೆ ಹೂ ಬಿಟ್ಟಿತ್ತು. ಈಗ ನೋಡಿದರೆ ಬುಡದಲ್ಲಿ ಬರೀ ಹಸಿರು ಮೊಗ್ಗು.

ಇದನ್ನು ರೋಗ ಅಂದುಕೊಂಡು ಗಿಡ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಕೀಳಬೇಡಿ. ಅಂಥದೊಂದು ಮೊಗ್ಗನ್ನು ಬ್ಲೇಡಿನಿಂದ ಸೀಳಿ, ಭೂತಗನ್ನಡಿ ಹಿಡಿದು ಅವಳಿಗೆ ತೋರಿಸಿದೆ. ಒಳಗೆ ಎಸಳು ಹೆಸರಿಗಷ್ಟೇ. ಪರಾಗ ಹೊತ್ತ ಕೇಸರಗಳು, ಹೂವಿನ ಹೆಣ್ಣು ಭಾಗವಾದ ಶಲಾಕೆಯ ತುದಿಗೆ ಒತ್ತಿಕೊಂಡೇ ಕೂತಿವೆ. ಪರಾಗ ಹೊರಗೆ ಬರುವ ಮಾತೇ ಇಲ್ಲ. ಹಗಲು ಉದ್ದವಾಗಿ ಬಿಸಿಲು ಏರಿದಾಗ ವಯೊಲೆಟ್ ಹೀಗೆ ಮುಚ್ಚಿದ ಹೂ ಬಿಡುತ್ತದೆ. ಜೇನು ಬರಲಿ ಬಿಡಲಿ, ಬೀಜ ಗ್ಯಾರಂಟಿ. ಎಸಳಿಗೆ, ಮಕರಂದಕ್ಕೆ ಖರ್ಚೂ ಇಲ್ಲ. ಎಷ್ಟು ಜಾಣ ಗಿಡ, ಅಲ್ವಾ?

ಕಾಯಿ ಮಣ್ಣಿನ ಮೇಲೇ ಬಿರಿಯುತ್ತದೆ. ಪ್ರತಿ ಬೀಜದ ತುದಿಯಲ್ಲೂ ಬಿಳಿ ಜಿಡ್ಡಿನ ಒಂದು ತುಣುಕು. ಅದರ ಆಸೆಗೆ ಇರುವೆ ಬೀಜವನ್ನು ಗೂಡಿಗೆ ಎಳೆದುಕೊಂಡು ಹೋಗಿ, ತುಣುಕು ತಿಂದು ಬೀಜ ಬಿಸಾಕುತ್ತದೆ. ತಂಪು ದೇಶಗಳ ಹುಲ್ಲುಹಾಸಿನಲ್ಲಿ ಈ ಗಿಡ ಕಳೆಯಾಗಿ ಹಬ್ಬುವುದು ಹೀಗೇ.

ನಮ್ಮ ಊರಿನ ನಿಜವಾದ ಕಾಟ ಕೆಂಪು ನುಸಿ. ಒಣ ಬಿಸಿಲಿನಲ್ಲಿ ಜಾಸ್ತಿ. ಎಲೆ ಮಂಕಾಗಿ ಚುಕ್ಕಿ ಬಿದ್ದಿದ್ದರೆ, ಕೆಳಗೆ ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಧೂಳಿನಂಥ ಚುಕ್ಕಿ ಹರಿದಾಡಿದರೆ ಅದೇ ನುಸಿ. ಔಷಧಿಗೆ ಓಡುವ ಮೊದಲು ನಾಲ್ಕೈದು ದಿನ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ಕುಂಡವನ್ನು ನೆರಳಿಗೆ ಸರಿಸಿ. ಜೂನ್ ಮಳೆಗೆ ಮಾತ್ರ ಸೂರಿನಡಿ ಇಡಲೇಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ.

ಇನ್ನು, ಬಿತ್ತಿದ ಬೀಜ ಮೊಳೆಯಲಿಲ್ಲ ಅನ್ನುವ ದೂರು. ಆ ಬೀಜ ಒಂದು ಒಳ್ಳೆ ಚಳಿಗಾಲ ಕಳೆಯದೆ ಏಳುವುದಿಲ್ಲ. ಪುಣೆಯ ಚಳಿ ಅದಕ್ಕೆ ಸಾಲದು. ಹಾಗಾಗಿ ನಾನು ಸೆಪ್ಟೆಂಬರಿನಲ್ಲೇ ಒದ್ದೆ ಮರಳಿನ ಜೊತೆ ಬೀಜವನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಫ್ರೀಜರಿನಲ್ಲಲ್ಲ, ಕೆಳಗೆ ತರಕಾರಿ ಜೊತೆ. ನವೆಂಬರ್ ಕೊನೆಗೆ ತೆಗೆದು ಬಿತ್ತುತ್ತೇನೆ. ಈ ಸಲ ಎರಡು ಡಬ್ಬಿ. ಒಂದು ಆ ಹುಡುಗಿಗೆ.