ಹಾಡು ಚೆನ್ನಾಗಿದೆ, ಆದರೂ ಎಫ್‌ಎಂನಲ್ಲಿ ಯಾಕೆ ಬರಲ್ಲ?

ಎಫ್‌ಎಂಗೆ ಹಾಡು ಆರಿಸುವ ನನ್ನಂಥವರನ್ನು ಹೊಸ ಬ್ಯಾಂಡಿನ ಹುಡುಗರು ಮೊದಲು ಕೇಳುವುದು, ‘ಸರ್, ದುಡ್ಡು ಕೊಡಬೇಕಾ?’ ಅಂತ. ಬೇಡಪ್ಪ. ನಿಮ್ಮ ಹಾಡು ನಿಲ್ಲುವುದು ಬೇರೆ ಕಡೆ.

ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಇವತ್ತಿಗೂ ಕನ್ನಡ ಸ್ಟೇಷನ್‌ಗಳ ಹಗಲು ಸಿನಿಮಾ ಹಾಡಿನ ಮೇಲೆ ನಡೆಯುತ್ತದೆ. ಗೊತ್ತಿರುವ ಹಾಡು ಬಂದರೆ ಕೇಳುಗರು ಸ್ಟೇಷನ್ ಬದಲಿಸುವುದಿಲ್ಲ, ಅಷ್ಟೇ ಲೆಕ್ಕ. ಕೆನಡಾದಲ್ಲಾದರೆ ವಾಣಿಜ್ಯ ರೇಡಿಯೋ ಹಾಕುವ ಜನಪ್ರಿಯ ಹಾಡುಗಳಲ್ಲಿ ಶೇ 35 ಅಲ್ಲಿನವೇ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಇಂಡಿ ಬ್ಯಾಂಡುಗಳಿಗೆ, ಅಂದರೆ ಸಿನಿಮಾದ ಹೊರಗೆ ಸ್ವಂತ ಹಾಡು ಮಾಡುವವರಿಗೆ, ಅಂಥ ಪಾಲೇನೂ ಇಲ್ಲ.

ಹಾಗಾಗಿ ಸಿಗುವ ಚೂರು ಜಾಗಕ್ಕೆ ತೊಂದರೆ ಕೊಡದ ಹಾಡು ಬೇಕು. ಒಂದು ನಿಮಿಷ ಬರೀ ಗಿಟಾರ್ ನುಡಿಸಿ ಆಮೇಲೆ ದನಿ ಬಂದರೆ ವೇದಿಕೆ ಮೇಲೆ ಚೆಂದ. ರೇಡಿಯೋದಲ್ಲಿ ಅಷ್ಟು ಹೊತ್ತಿಗೆ ಕೇಳುಗ ಹೋಗಿರುತ್ತಾನೆ.

ಇನ್ನೊಂದು ವಿಷಯ ಬ್ಯಾಂಡಿನವರಿಗೆ ಯಾರೂ ಹೇಳಿಕೊಡುವುದಿಲ್ಲ. ಸಿಗ್ನಲ್ ಕುಗ್ಗಿದಾಗ ಕಾರಿನ ರೇಡಿಯೋ ತಾನಾಗಿಯೇ ಸ್ಟೀರಿಯೋದಿಂದ ಮೋನೋಗೆ ಇಳಿಯುತ್ತದೆ. ಎಡ, ಬಲ ಸ್ಪೀಕರಿನ ಬೇರೆ ಬೇರೆ ಸದ್ದುಗಳು ಸೇರಿ ಒಂದಾಗುತ್ತವೆ. ಗಿಟಾರ್ ಅಗಲವಾಗಿ ಕೇಳಲಿ ಅಂತ ಮಿಕ್ಸಿಂಗ್‌ನಲ್ಲಿ ಒಂದು ಕಡೆಯ ಫೇಸ್ ತಿರುಗಿಸಿದ್ದರೆ, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿದ್ದರೆ, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ, ಗಿಟಾರೇ ಮಾಯ! 15 ಕಿಲೋಹರ್ಟ್ಸ್‌ಗಿಂತ ಮೇಲಿನ ತೀರಾ ಕೀರಲು ಸದ್ದಂತೂ ಎಫ್‌ಎಂನಲ್ಲಿ ಹೋಗುವುದೇ ಇಲ್ಲ. ಜೊತೆಗೆ ಸ್ಟೇಷನ್ನಿನ ಪ್ರೊಸೆಸರ್ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ಒತ್ತುತ್ತದೆ. ಮಾಸ್ಟರಿಂಗ್‌ನಲ್ಲೇ, ಅಂದರೆ ಹಾಡಿಗೆ ಕೊನೆಯ ಮೆರುಗು ಕೊಡುವಾಗಲೇ, ವಿಪರೀತ ಜೋರು ಮಾಡಿದ್ದರೆ ಅಲ್ಲಿ ಒಡಕು ಕೇಳುತ್ತದೆ. ಕಳಿಸುವ ಮುಂಚೆ ಮೋನೋ ಬಟನ್ ಒತ್ತಿ ಒಂದು ಸಲ ಕೇಳಿ. ಹಳೇ ಕಾರಿನಲ್ಲೂ ಕೇಳಿ.

ಕಾಗದದ ವಿಚಾರಕ್ಕೆ ಬಂದರೆ ಒಳ್ಳೊಳ್ಳೆಯ ಹಾಡುಗಳೇ ಬಿದ್ದುಹೋಗುತ್ತವೆ. ಸಾಹಿತ್ಯ ಯಾರದು, ಟ್ಯೂನ್ ಯಾರದು, ರೆಕಾರ್ಡಿಂಗ್ ಯಾರ ಹೆಸರಲ್ಲಿದೆ? ಬ್ಯಾಂಡ್ ಬಿಟ್ಟುಹೋದ ಡ್ರಮ್ಮರ್ ನಾಳೆ ತಕರಾರು ತೆಗೆಯಲ್ಲ ಅಂತ ಏನು ಗ್ಯಾರಂಟಿ? ಎಲ್ಲರ ಸಹಿ ಇರುವ ಒಂದು ಪತ್ರ ಜೊತೆಗಿದ್ದರೆ ನಮ್ಮ ಕೆಲಸ ಹಗುರ. ಖಾಸಗಿ ಎಫ್‌ಎಂ ಕೂಡ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಗೆ ಬದ್ಧ, ಹಾಗಾಗಿ ಬೈಗುಳವಿದ್ದರೆ ಅದಿಲ್ಲದ ಇನ್ನೊಂದು ವರ್ಷನ್ನೂ ಕಳಿಸಿ.

ಎಷ್ಟೋ ಸಲ ಸುಮಾರಾದ ಹಾಡು ಗೆದ್ದು ಒಳ್ಳೆಯದು ಉಳಿದುಬಿಡುವುದು ಆರ್‌ಜೆಗೆ ಮಾತಾಡಲು ಏನು ಕೊಟ್ಟಿದ್ದೀರಿ ಅನ್ನುವುದರ ಮೇಲೆ. ‘ದಯವಿಟ್ಟು ಪ್ಲೇ ಮಾಡಿ’ ಅಂದರೆ ಏನು ಹೇಳಬೇಕು ಅವರು? ‘ಶನಿವಾರ ಜಯನಗರದಲ್ಲಿ ನಮ್ಮ ಶೋ ಇದೆ, ಈ ಹಾಡು ಹುಟ್ಟಿದ್ದು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ’ ಅಂದರೆ ಅವರಿಗೆ ಎರಡು ಸಾಲು ಸಿಕ್ಕಿತು, ಈ ವಾರವೇ ಹಾಕಲು ನೆಪವೂ ಸಿಕ್ಕಿತು.

ಅದೂ ಮೊದಲಿಗೆ ರಾತ್ರಿ ಶೋನಲ್ಲೇ. ಕೇಳಿದವರು ‘ಆ ಹಾಡು ಯಾರದು?’ ಅಂತ ವಾಟ್ಸಾಪ್ ಮಾಡಿದರೆ ಆರ್‌ಜೆ ಅದನ್ನು ಮೀಟಿಂಗಿಗೆ ತರುತ್ತಾರೆ, ಹಗಲಿಗೆ ಹಾಕೋಣವಾ ಅಂತ ಮಾತು ಶುರುವಾಗುತ್ತದೆ. ಆದರೆ ಗೆಳೆಯರೆಲ್ಲ ಒಂದೇ ಮೆಸೇಜನ್ನು ಕಾಪಿ ಮಾಡಿ ಕಳಿಸಿದರೆ, ಸ್ಪೆಲ್ಲಿಂಗ್ ತಪ್ಪೂ ಒಂದೇ ಇರುತ್ತದಲ್ವಾ, ನಮಗೆ ಗೊತ್ತಾಗಿಬಿಡುತ್ತದೆ.